ತೊಳೆಯದ ಉಣ್ಣೆ

ತಿಮಹ್ದಿತ್
ಫೆಬ್ರವರಿ 23, 1986

ಮಿಮೂನ್,

ಸಲಾಮು. ಕ್ಷೇಮ ಕೇಳುವ ಉದ್ದನೆಯ ಸಾಲುಗಳನ್ನು ನೀನೇ ಬರೆದುಕೊಂಡು ಓದಿಕೊ. ನಾಲ್ಕನೇ ತರಗತಿಯವರೆಗೆ ಕಲಿತವಳು ನಾನು, ಕೈಯಲ್ಲಿರುವ ಹಾಳೆಯೂ ಒಂದೇ.

ನೀನು ರಜೆ ಮುಗಿಸಿ ಫ್ರಾನ್ಸಿಗೆ ಬಸ್ಸು ಹತ್ತಿ ಇಂದಿಗೆ ಹದಿನೆಂಟು ದಿನ. ಹಿಮ ಹೊಸ್ತಿಲಿನ ತನಕ ಬಂದು ಕೂತಿದೆ. ಅದು ಪ್ರತಿ ವರ್ಷವೂ ಬರುತ್ತದೆ, ಅದರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ನಿನ್ನ ತಗಡಿನ ಮೇಲೆ. ನಿನ್ನಪ್ಪ ದೇವದಾರು ತೊಲೆಗಳ ಮೇಲೆ ಮೊಳದಷ್ಟು ದಪ್ಪ ಮಣ್ಣು ಹಾಕಿಸಿ ಮಾಳಿಗೆ ಕಟ್ಟಿದ್ದ. ಎರಡು ವರ್ಷದ ಹಿಂದೆ ನೀನು ಬಂದು, 'ಮಣ್ಣಿನ ಮಾಳಿಗೆ ಅಂದ್ರೆ ನಾಚಿಕೆ ಆಗ್ತದೆ, ನಾನೇನು ಕುರಿ ಕಾಯೋನಾ?' ಎಂದು ಅದನ್ನೆಲ್ಲ ಕೆರೆಸಿ ಬೀದಿಗೆ ಸುರಿದೆ. ಈಗ ನಾನು ಬಿಟ್ಟ ಉಸಿರು ತಗಡಿನ ಒಳಮೈಗೆ ಅಂಟಿ ಬೆಳಗಿನ ಹೊತ್ತಿಗೆ ಮಂಜುಗಡ್ಡೆಯಾಗಿರುತ್ತದೆ. ಒಲೆ ಹಚ್ಚಿದ ಕೂಡಲೇ ಅದು ಕರಗಿ ತೊಟ್ಟಿಕ್ಕುತ್ತದೆ. ಹಿಟ್ಟಿನ ಮೇಲೆ, ಹಾಸಿಗೆಯ ಮೇಲೆ, ನನ್ನ ಕುತ್ತಿಗೆಯ ಹಿಂದೆ. ತುಕ್ಕು ಬಣ್ಣದ ನೀರು. ನನ್ನದೇ ಉಸಿರು ಕೊಳೆತು ನನ್ನ ಮೇಲೆ ಬೀಳುತ್ತಿದೆಯಲ್ಲ ಎಂದು ಹೇಸಿಗೆಯಾಗುತ್ತದೆ. ಮೂಲೆಯಲ್ಲಿ ಕಪ್ಪು ಬೂಷ್ಟು. ಚಾಕುವಿನಲ್ಲಿ ಕೆರೆದರೆ ನಾಲ್ಕು ದಿನಕ್ಕೆ ಮತ್ತೆ ಬರುತ್ತದೆ.

ನಮ್ಮ ಇಜ್ಜಾಳನ್ನು ನಿನ್ನ ಅಕ್ಕ ಯಮ್ನಾ ಮೆಕ್ನೆಸ್‌ಗೆ ಕರೆದುಕೊಂಡು ಹೋಗಿ ಒಂದು ವಾರವಾಯಿತು. ನಿನಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ, ಏಕೆಂದರೆ ನೀನು ಹೊರಡುವಾಗ ಮಗು ಇನ್ನೂ ಆಸ್ಪತ್ರೆಯಲ್ಲಿತ್ತು. ಅಗ್ಗಿಷ್ಟಿಕೆಯ ವಿಷಗಾಳಿ ಐದು ವರ್ಷದ ಶ್ವಾಸಕೋಶದಿಂದ ಅಷ್ಟು ಬೇಗ ಬಿಟ್ಟು ಹೋಗುವುದಿಲ್ಲವಂತೆ, ಡಾಕ್ಟರು ಹೇಳಿದರು. ಇನ್ನೊಂದು ಸಲ ಹಾಗಾದರೆ ಕಣ್ಣು ತೆರೆಯಲಾರಳು ಎಂದೂ ಹೇಳಿದರು. ಅದಕ್ಕೇ ನಾನು ಯಮ್ನಾಳನ್ನು ತಡೆಯಲಿಲ್ಲ. ಅವಳು ಹೊಸ್ತಿಲಲ್ಲಿ ನಿಂತು, ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು, ರೊಟ್ಟಿಯ ಮೇಲೆ ಕೈಯಿಟ್ಟು ಆಣೆ ಮಾಡಿ ಹೇಳಿದ್ದು ಇಷ್ಟು: 'ತೂದಾ, ಅಗ್ಗಿಷ್ಟಿಕೆ ಇಲ್ದೆ ಈ ಕೋಣೆ ಯಾವತ್ತು ಬೆಚ್ಚಗಾಗ್ತದೋ, ಅವತ್ತು ನಾನೇ ಇವಳನ್ನ ತಂದು ನಿನ್ನ ಮಡಿಲಿಗೆ ಹಾಕ್ತೀನಿ.'

ನೀನು ಅಲ್ಲಿ ಊರವರ ಮನೆಗಳನ್ನೆಲ್ಲ ಬೆಚ್ಚಗೆ ಮಾಡುವ ಕೆಲಸದಲ್ಲಿದ್ದೀಯ. ಗೋಡೆಗೆ ಏನೋ ತುಂಬುತ್ತೀರಿ, ಮಾಡಿಗೆ ಏನೋ ಹೊದಿಸುತ್ತೀರಿ, ಹೊರಗೆ ಹಿಮ ಇದ್ದರೂ ಒಳಗೆ ಜನ ಅರ್ಧತೋಳಿನ ಅಂಗಿಯಲ್ಲಿ ಓಡಾಡುತ್ತಾರೆ ಎಂದು ನೀನೇ ಕೊಚ್ಚಿಕೊಂಡಿದ್ದೆ. ಅದನ್ನು ನಮ್ಮ ಒಂದು ಕೋಣೆಗೆ ಮಾಡು. ನನಗೆ ಚಿನ್ನ ಬೇಡ, ಬಟ್ಟೆ ಬೇಡ. ಮುಂದಿನ ಹಿಮಕ್ಕೆ ಮುಂಚೆ ನನ್ನ ಮಗಳು ಮನೆಯಲ್ಲಿರಬೇಕು.

ಕಿಟಕಿಯ ಮೇಲಿನ ಗಾಳಿತೂತಿನಲ್ಲಿದ್ದ ನಿನ್ನ ಕೆಂಪು ಸ್ವೆಟರನ್ನು ಆಸ್ಪತ್ರೆಯಿಂದ ಬಂದ ದಿನವೇ ಕಿತ್ತು ಮೊಳೆಗೆ ನೇತುಹಾಕಿದ್ದೇನೆ. ಇದ್ದಿಲ ನಾತ ಇನ್ನೂ ಹೋಗಿಲ್ಲ.

ತೂದಾ


ಸೇಂಟ್ ಎಟಿಯೆನ್
ಏಪ್ರಿಲ್ 2, 1986

ಪ್ರೀತಿಯ ತೂದಾಳಿಗೆ, ಅವಳ ಗಂಡ ಮಿಮೂನ್ ಮಾಡುವ ಸಾವಿರ ಸಲಾಮುಗಳು.

ಮೊದಲು ದೇವರ ಹೆಸರು, ಆಮೇಲೆ ನಿನ್ನ ಕ್ಷೇಮ, ತಮ್ಮ ಬೆನಾಸರ್‌ನ ಕ್ಷೇಮ, ಅವನ ಕುರಿಗಳ ಕ್ಷೇಮ, ನೆರೆಹೊರೆಯವರ ಕ್ಷೇಮ. ನಾನು ಇಲ್ಲಿ ಚೆನ್ನಾಗಿದ್ದೇನೆ, ನಿಮ್ಮ ಮುಖ ನೋಡದ ಕೊರತೆ ಒಂದನ್ನು ಬಿಟ್ಟು.

ಪತ್ರ ತಲುಪಿತು. ಹೆಂಗಸರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ತಗಡನ್ನು ಬೈಯಬೇಡ. ತಗಡು ಒಳ್ಳೆಯದು, ಅದರ ಕೆಳಗೆ ಏನೂ ಇಲ್ಲದಿರುವುದು ತಪ್ಪು. ಇಲ್ಲಿ ನಾವು ಮಾಡುವುದು ಹೀಗೆ: ತೊಲೆಗಳ ಕೆಳಗೆ ಹಲಗೆ ಬಡಿದು, ಹಲಗೆಗೂ ಮಾಡಿಗೂ ನಡುವೆ ಗಾಜಿನ ಉಣ್ಣೆ, ಅಂದರೆ ಗಾಜಿನ ಎಳೆಗಳ ಅರಳೆ, ತುಂಬುತ್ತೇವೆ. ಗೇಣು ದಪ್ಪ. ಬಿಸಿ ಹೊರಗೆ ಹೋಗುವುದಿಲ್ಲ, ಚಳಿ ಒಳಗೆ ಬರುವುದಿಲ್ಲ, ಬೇಸಿಗೆಯಲ್ಲಿ ತಂಪು ಕೂಡ. ಗಾಜಿನ ಉಣ್ಣೆಯನ್ನು ಅಲ್ಲಿಗೆ ತರುವುದು ಆಗದ ಮಾತು. ಆದರೆ ನಮ್ಮ ಕಡೆ ಕುರಿಗೇನು ಬರ. ಉಣ್ಣೆ ಎಂದರೆ ಉಣ್ಣೆಯೇ. ಬೆನಾಸರ್‌ಗೆ ಪ್ರತ್ಯೇಕ ಪತ್ರ ಬರೆದು, ಹಲಗೆ, ಮೊಳೆ, ಕೊಳವೆಯಿರುವ ಕಬ್ಬಿಣದ ಒಲೆ, ಎಲ್ಲಕ್ಕೂ ಬೇಕಾದ ಹಣ ಕಳಿಸಿದ್ದೇನೆ. ಅವನು ನೋಡಿಕೊಳ್ಳುತ್ತಾನೆ. ನೀನು ನಡುವೆ ತಲೆ ಹಾಕಬೇಡ, ಇದು ಲೆಕ್ಕಾಚಾರದ ಕೆಲಸ.

ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗುವ ಮನೆಯಲ್ಲಿ ಹೆಂಗಸು ಎಚ್ಚರವಾಗಿರಬೇಕಿತ್ತು. ಆದದ್ದು ಆಯಿತು, ನಾನು ಮತ್ತೆ ಆ ಮಾತು ಎತ್ತುವುದಿಲ್ಲ. ಮಗು ಯಮ್ನಾಳ ಹತ್ತಿರ ಚೆನ್ನಾಗಿದೆ. ಅವಳಿಗೆ ಮಕ್ಕಳಿಲ್ಲ, ಪಾಪ.

ನಿನ್ನ ಮಿಮೂನ್


ತಿಮಹ್ದಿತ್
ಜೂನ್ 11, 1986

ಮಿಮೂನ್,

ಹಲಗೆಗಳು ಬಂದಿವೆ. ಅಂಗಳದಲ್ಲಿ ಬಿದ್ದಿವೆ. ಐದು ವಾರದಿಂದ ಬೆನಾಸರ್‌ನ ಆಡುಗಳು ಅವುಗಳ ಮೇಲೆ ಮಲಗಿ, ಎದ್ದು, ಹಿಕ್ಕೆ ಹಾಕಿ, ಮತ್ತೆ ಮಲಗುತ್ತಿವೆ. ನನ್ನ ಮೂಗಿನ ಮೇಲೆ ಬರಲಿರುವ ಹಲಗೆಗಳು ಅವು. ಕೇಳಿದರೆ ಒಂದು ದಿನ ಮೊಳೆ ಸಣ್ಣದು, ಇನ್ನೊಂದು ದಿನ ಸೊಂಟನೋವು, ಮೂರನೇ ದಿನ ಸಂತೆ.

ಈಗ ಕುರಿಗಳ ಉಣ್ಣೆ ಕತ್ತರಿಸುವ ಕಾಲ. ನಾನೇ ಹೋಗಿ ಹೇಳಿದೆ: ಉಣ್ಣೆ ಕೊಡು, ಪಕ್ಕದ ಮನೆಯ ಹಾದಾ ಅತ್ತೆಯನ್ನೂ ಕೇರಿಯ ಹೆಂಗಸರನ್ನೂ ಕರೆದು ಹೊಳೆಯಲ್ಲಿ ತೊಳೆಸುತ್ತೇನೆ, ಎರಡು ದಿನದ ಕೆಲಸ. ನಮ್ಮಲ್ಲಿ ಹೆಂಗಸರು ಉಣ್ಣೆ ತೊಳೆಯಲು ಬಂದರೆ ಹೊಟ್ಟೆ ತುಂಬ ಊಟ ಹಾಕುವುದು ಪದ್ಧತಿ. ನಿನ್ನ ತಮ್ಮ ಹಲ್ಲು ಕಿರಿದು ಹೇಳಿದ್ದು ಕೇಳು: 'ಹನ್ನೊಂದು ಹೆಂಗಸ್ರಿಗೆ ಕುಸ್ಕುಸ್ ಬೇಯ್ಸಿ ಹಾಕೋರ್ಯಾರು ಅತ್ತಿಗೆ? ಸೂರಿನೊಳಗೆ ಹೋಗೋ ಉಣ್ಣೆಗೆ ಸ್ನಾನ ಯಾತಕ್ಕೆ, ಅದನ್ನೇನು ಮದ್ವೆ ಮಾಡಿ ಕೊಡ್ಬೇಕಾ? ಅಣ್ಣನ ಕಾಗದದಲ್ಲಿ ತೊಳೀರಿ ಅಂತ ಒಂದಕ್ಷರ ಇಲ್ಲ.'

ನಿಜ. ನಾನು ನಿನ್ನ ಪತ್ರವನ್ನು ಮತ್ತೆ ಓದಿದೆ. ತೊಳೆಯಿರಿ ಎಂಬ ಒಂದಕ್ಷರ ಇಲ್ಲ. ಹುಟ್ಟಿದಾಗಿನಿಂದ ಉಣ್ಣೆಯ ಹಾಸಿಗೆಯಲ್ಲಿ ಮಲಗಿ, ಉಣ್ಣೆಯ ನಿಲುವಂಗಿ ಹೊದ್ದು, ಅದು ಕುರಿಯ ಮೈಯಿಂದ ಹಾಗೇ ಬೆಳ್ಳಗೆ ಇಳಿದು ಬರುತ್ತದೆ ಎಂದುಕೊಂಡಿದ್ದೀಯಲ್ಲ! ಅದರಲ್ಲಿರುವ ಜಿಡ್ಡು, ಬೆವರು, ಉಣ್ಣಿ, ಒಣಗಿದ ಹಿಕ್ಕೆ ಯಾರ ಕೈಯಿಂದ ಹೋಗುತ್ತದೆ ಎಂದು ನಲವತ್ತು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಅವನು ತನ್ನ ಉಣ್ಣೆಯನ್ನೆಲ್ಲ ಸಂತೆಯಲ್ಲಿ ಮಾರಿದ. ನಮ್ಮ ಸೂರಿಗೆ 'ಹಬ್ಬಕ್ಕೆ ನೋಡೋಣ' ಎಂದ.

ತಗಡು ಈಗ ಹೆಂಚಿನಂತೆ ಕಾಯುತ್ತಿದೆ. ಮಧ್ಯಾಹ್ನ ಒಳಗೆ ಕೂರಲಾರದೆ ಗೋಡೆಯ ನೆರಳಿನಲ್ಲಿ ಕೂತು ಈ ಪತ್ರ ಬರೆಯುತ್ತಿದ್ದೇನೆ. ಬೆಣ್ಣೆ ಕರಗಿ ಕಮಟು ವಾಸನೆ ಬಂದಿದೆ.

ಕಳೆದ ವಾರ ಮೆಕ್ನೆಸ್‌ಗೆ ಹೋಗಿದ್ದೆ. ಇಜ್ಜಾ ದಪ್ಪಗಾಗಿದ್ದಾಳೆ, ತಲೆಗೆ ರಿಬ್ಬನ್ನು. ಅರಬಿಯಲ್ಲಿ ಪಟಪಟ ಮಾತಾಡುತ್ತಾಳೆ. ನಾನು ನಮ್ಮ ಭಾಷೆಯಲ್ಲಿ ಮಾತಾಡಿದರೆ ಯಮ್ನಾಳ ಮುಖ ನೋಡಿ ಉತ್ತರ ಕೊಡುತ್ತಾಳೆ. ತಬ್ಬಿಕೊಂಡೆ. ಅವಳು ಮೂಗು ಹಿಡಿದುಕೊಂಡಳು. 'ನಿನ್ನ ಮೈಯೆಲ್ಲ ಹೊಗೆ ನಾತ' ಎಂದಳು. ಯಮ್ನಾ ಗದರಿದಳು, ನಾನು ನಕ್ಕೆ. ಬಸ್ಸಿನಲ್ಲಿ ಬರುವಾಗ ನನ್ನ ತೋಳನ್ನು ನಾನೇ ಮೂಸಿ ನೋಡಿಕೊಂಡೆ. ಅವಳು ಹೇಳಿದ್ದು ಸುಳ್ಳಲ್ಲ.

ಬೆನಾಸರ್‌ಗೆ ಒಂದು ಮಾತು ಗಟ್ಟಿಯಾಗಿ ಬರೆ. ಬೇಡಿಕೊಳ್ಳುತ್ತಿದ್ದೇನೆ ಎಂದೇ ತಿಳಿದುಕೊ.

ತೂದಾ


ಸೇಂಟ್ ಎಟಿಯೆನ್
ಜುಲೈ 20, 1986

ಪ್ರೀತಿಯ ತೂದಾ,

ಕೆಲಸ ಹೆಚ್ಚು, ಎರಡೇ ಸಾಲು. ಆಗಸ್ಟಿನಲ್ಲಿ ಬಲಿಹಬ್ಬ ಮುಗಿದ ಮೇಲೆ ಬೆನಾಸರ್ ಕೆಲಸ ಮುಗಿಸುತ್ತಾನೆ, ಮಾತು ಕೊಟ್ಟಿದ್ದಾನೆ. ಉಣ್ಣೆಗೆ ಅವನಿಗೊಂದು ಉಪಾಯ ಹೊಳೆದಿದೆಯಂತೆ. ಚುರುಕು ತಲೆ ಅವನದು. ನೀನು ಆ ಹತ್ತು ದಿನ ಮೆಕ್ನೆಸ್‌ಗೆ ಹೋಗಿ ಬಾ, ಧೂಳಿನಲ್ಲಿ ಯಾಕಿರುತ್ತೀಯ. ಮಗುವಿನ ಜೊತೆ ಹಬ್ಬ ಮಾಡಿದ ಹಾಗೂ ಆಯಿತು.

ಮಿಮೂನ್


ತಿಮಹ್ದಿತ್
ಸೆಪ್ಟೆಂಬರ್ 14, 1986

ಮಿಮೂನ್,

ಊಟ ಮಾಡುವ ಮುಂಚೆ ಇದನ್ನು ಓದಬೇಡ. ಅಥವಾ ಓದು. ನಾನು ಉಣ್ಣದೆ ನಾಲ್ಕು ದಿನವಾಯಿತು.

ಹಬ್ಬ ಮುಗಿಸಿ ಮೆಕ್ನೆಸ್‌ನಿಂದ ಬಂದಾಗ ಕೋಣೆಯ ಸೂರು ಮುಚ್ಚಿತ್ತು. ಹಲಗೆ ಒಂದಕ್ಕೊಂದು ಕೂಡಿಸಿ, ಸಂದಿಗೆ ಗಾರೆ ಮೆತ್ತಿ, ಸುಣ್ಣ ಬಳಿದಿದ್ದರು. ಕಬ್ಬಿಣದ ಒಲೆ ಮೂಲೆಯಲ್ಲಿ ನಿಂತಿತ್ತು. ಬೆನಾಸರ್ ಎದೆ ಉಬ್ಬಿಸಿ, 'ಹೆಂಗೈತೆ ಅತ್ತಿಗೆ, ಹೋಟ್ಲೇ ಇದು!' ಎಂದ. ನಾನು ಅಳುವುದೊಂದು ಬಾಕಿ. ಅವನಿಗೆ ಟೀ ಮಾಡಿಕೊಟ್ಟೆ, ಅವನ ತಲೆ ನೇವರಿಸಿದೆ. ಆ ಕೈಯನ್ನು ಆಮೇಲೆ ಬೂದಿ ಹಾಕಿ ತಿಕ್ಕಿದ್ದೇನೆ.

ಮೂರನೇ ದಿನ ಸಣ್ಣಗೆ ವಾಸನೆ. 'ಇಲಿ ಸತ್ತಿರ್ಬೇಕು' ಎಂದ. ಐದನೇ ದಿನ ಆ ವಾಸನೆ ಬಾಗಿಲ ಹೊರಗೂ ಬಂತು. 'ಎರಡು ಇಲಿ ಇರ್ಬೇಕು' ಎಂದ. ಬಿಸಿಲು ಏರಿದಷ್ಟೂ ಅದು ಇಳಿದು ಬರುತ್ತಿತ್ತು, ಸಿಹಿಸಿಹಿಯಾದ ಕೊಳೆತ ನಾತ. ನಾಲಗೆಯ ಮೇಲೆ ಕೂರುತ್ತಿತ್ತು, ಬಟ್ಟೆಗೆ ಹತ್ತುತ್ತಿತ್ತು. ಸುಣ್ಣದ ಮೇಲೆ ಹಳದಿ ಕಲೆಗಳು ಎದ್ದವು. ನೊಣಗಳು ಎಲ್ಲಿಂದ ಬರುತ್ತವೆ ಎಂದು ತಿಳಿಯದೆ ಕಿಟಕಿಗೆ ಬಟ್ಟೆ ಕಟ್ಟಿದೆ. ಅವು ಹೊರಗಿನಿಂದ ಬರುತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಕೈಯ ಪಕ್ಕದಲ್ಲಿ ಏನೋ ಬಿತ್ತು. ಅಕ್ಕಿಕಾಳು ಎಂದುಕೊಂಡೆ. ಅಕ್ಕಿಕಾಳು ಹರಿದಾಡಿತು. ತಲೆಯೆತ್ತಿ ನೋಡುವಷ್ಟರಲ್ಲಿ ಇನ್ನೊಂದು ನನ್ನ ಹಣೆಯ ಮೇಲೆ.

ಹಾದಾ ಅತ್ತೆಯನ್ನು ಕೂಗಿದೆ. ಎಪ್ಪತ್ತು ದಾಟಿದ ಮುದುಕಿ, ಏಣಿ ಹಿಡಿದು ನಿಂತಳು. ನಾನು ಹಾರೆಯಿಂದ ಒಂದು ಹಲಗೆ ಎಬ್ಬಿಸಿದೆ. ಮಿಮೂನ್, ಅದರೊಳಗಿದ್ದದ್ದು ಉಣ್ಣೆಯಲ್ಲ. ತೊಗಲು. ಹಬ್ಬದ ದಿನ ಊರವರು ಬಲಿ ಕೊಟ್ಟು ಸುಲಿದು ಬೀದಿಬದಿ ಎಸೆದ ಕುರಿತೊಗಲುಗಳನ್ನು, ಉಣ್ಣೆ, ಕೊಬ್ಬು, ಅಂಟಿದ ಮಾಂಸ ಸಮೇತ, ಒಂದು ಹಿಡಿ ಉಪ್ಪು ಎರಚಿ, ಮಡಚಿ ಮಡಚಿ ತುರುಕಿದ್ದಾನೆ. ನಲವತ್ತಕ್ಕೂ ಹೆಚ್ಚು. ಮೊದಲನೆಯದು ಹಲಗೆಯ ಜೊತೆಗೇ ಜಾರಿ ನನ್ನ ಹೆಗಲ ಮೇಲೆ ಬಿತ್ತು. ಒಂದಕ್ಕೆ ಕಿವಿ ಇನ್ನೂ ಇತ್ತು. ಆ ಕಿವಿಯೊಳಗೆ ಹುಳ ಕುದಿಯುತ್ತಿದ್ದವು.

ಅಂಗಳಕ್ಕೆ ಓಡಿ ವಾಂತಿ ಮಾಡಿಕೊಂಡೆ. ಹಾದಾ ಅತ್ತೆ ಮೂಗಿಗೆ ತಲೆವಸ್ತ್ರದ ತುದಿ ಒತ್ತಿಕೊಂಡು, 'ಥೂ, ಇವರ ಕೈಗೆ ಹುಳ ಬೀಳಾ! ಇದು ಮನೆ ಬೆಚ್ಚಗೆ ಮಾಡೋದಲ್ಲ ಕಣೇ, ನಿನ್ನನ್ನ ಜೀವಂತ ಹೂಳೋದು' ಎಂದಳು. ಆಮೇಲೆ ಬೆನಾಸರ್ ಬಂದ. ಅವನ ಮುಖದಲ್ಲಿ ನಾಚಿಕೆಯನ್ನು ಹುಡುಕಿದೆ. 'ಪುಕ್ಸಟ್ಟೆ ಸಿಕ್ತು, ಹಾಳಾಗ್ಬಾರ್ದಲ್ಲ' ಎಂದ. ಅಷ್ಟೇ.

ಈಗ ಹಾದಾ ಅತ್ತೆಯ ಕೊಟ್ಟಿಗೆಯಲ್ಲಿ ಮಲಗುತ್ತಿದ್ದೇನೆ. ಹಸುವಿನ ಸಗಣಿ ವಾಸನೆ ಅತ್ತರಿನಂತೆ ಹಿತವಾಗಿದೆ. ಹಿಮ ಬೀಳಲು ಹೆಚ್ಚೆಂದರೆ ಎರಡು ತಿಂಗಳು ಇದೆ. ಏನು ಮಾಡುತ್ತೀಯ, ಹೇಳು.

ತೂದಾ


ಸೇಂಟ್ ಎಟಿಯೆನ್
ಅಕ್ಟೋಬರ್ 5, 1986

ತೂದಾ,

ನೀನು ಬರೆದ ರೀತಿ ನನಗೆ ಹಿಡಿಸಲಿಲ್ಲ. ಅಂತಹ ಮಾತುಗಳನ್ನು ಹೆಂಗಸು ಕಾಗದದ ಮೇಲೆ ಇಳಿಸಬಾರದು. ಬೆನಾಸರ್ ಉಪ್ಪು ಕಡಿಮೆ ಹಾಕಿದ್ದಾನೆ, ಅದು ಅವನ ತಪ್ಪು. ಆದರೆ ಹುಡುಗ ಒಳ್ಳೆಯ ಮನಸ್ಸಿನಿಂದ ಮಾಡಿದ್ದಾನೆ. ಬಾಗಿಲು ಕಿಟಕಿ ತೆರೆದಿಟ್ಟರೆ ಒಂದು ತಿಂಗಳಲ್ಲಿ ಒಣಗಿ ವಾಸನೆ ತಾನೇ ಹೋಗುತ್ತದೆ. ಊರಿನಲ್ಲಿ ಡಂಗುರ ಹೊಡೆಯಬೇಡ. ಬೇಸಿಗೆಯಲ್ಲಿ ನಾನೇ ಬಂದು ನೋಡುತ್ತೇನೆ.

ಇನ್ನು ಇಜ್ಜಾಳ ವಿಷಯ. ಈ ತಿಂಗಳು ಶಾಲೆ ಶುರುವಾಗಿದೆ. ಯಮ್ನಾಳ ಗಂಡ ತನ್ನ ಮನೆಯ ಮಗು ಎಂದೇ ಹೆಸರು ಬರೆಸಿದ್ದಾನೆ. ಒಳ್ಳೆಯ ಶಾಲೆ. ನಡುವೆ ಕಿತ್ತು ತರುವುದು ಮಗುವಿಗೆ ಅನ್ಯಾಯ. ಮಕ್ಕಳಿಲ್ಲದ ಅಕ್ಕನಿಗೆ ತಮ್ಮ ಒಂದು ಮಗು ಕೊಡುವುದು ನಮ್ಮಲ್ಲಿ ಇರದ ಪದ್ಧತಿಯೇನಲ್ಲ. ನಮಗೆ ದೇವರು ಇನ್ನೂ ಕೊಡುತ್ತಾನೆ. ತಣ್ಣಗೆ ಕೂತು ಯೋಚಿಸು.

ಮಿಮೂನ್


ಮೆಕ್ನೆಸ್
ಅಕ್ಟೋಬರ್ 12, 1986

ತೂದಾ,

ನನಗೆ ಬರೆಯಲು ಬಾರದು, ಎದುರು ಮನೆಯ ಟೀಚರಮ್ಮ ಬರೆಯುತ್ತಿದ್ದಾರೆ. ಅದಕ್ಕೇ ಚಿಕ್ಕದಾಗಿ ಹೇಳುತ್ತೇನೆ.

ಹಬ್ಬಕ್ಕೆ ಬಂದಾಗ ನೀನು ಹತ್ತು ದಿನವೂ 'ಮನೆ ಸರಿಯಾಗ್ತಿದೆ, ಇನ್ನೇನು ಕರ್ಕೊಂಡು ಹೋಗ್ತೀನಿ' ಎನ್ನುತ್ತಿದ್ದೆ. ನಾನು ಸುಮ್ಮನಿದ್ದೆ. ಏಕೆಂದರೆ ಮಾರ್ಚಿ ತಿಂಗಳಲ್ಲೇ ಮಿಮೂನ್ ನನಗೆ ಪತ್ರ ಹಾಕಿದ್ದ. ಇವಳು ಮಗುವನ್ನು ಕೊಟ್ಟು, ಆಮೇಲೆ ಮನಸ್ಸು ತಡೆಯದೆ ಹೀಗಾಡುತ್ತಿದ್ದಾಳೆ ಎಂದುಕೊಂಡೆ. ಮೊನ್ನೆ ನಿಮ್ಮ ಊರಿನಿಂದ ಬಂದ ಉಣ್ಣೆ ಮಾರುವವಳೊಬ್ಬಳು ತೊಗಲಿನ ಕಥೆ ಹೇಳಿದಳು. ಕೊಟ್ಟಿಗೆಯಲ್ಲಿ ಮಲಗುತ್ತಿದ್ದೀಯಂತೆ. ಮಗುವನ್ನು ಮನಸಾರೆ ಕೊಟ್ಟವಳು ಯಾಕೆ ಇಷ್ಟು ಪಾಡು ಪಡುತ್ತಾಳೆ ಎಂದು ನನ್ನ ತಲೆಗೆ ಹೊಳೆಯಿತು.

ಅವನ ಪತ್ರವನ್ನೇ ಇದರಲ್ಲಿ ಇಟ್ಟಿದ್ದೇನೆ. ಓದಿ, ನಿಜ ಏನು ಹೇಳು. ಇಜ್ಜಾಳನ್ನು ಕೊಟ್ಟರೆ ನನ್ನ ಮನೆ ಬೆಳಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕದ್ದ ಮಗು ನನಗೆ ಬೇಡ.

ಯಮ್ನಾ

(ಒಳಗಿದ್ದ ಪತ್ರ)

ಸೇಂಟ್ ಎಟಿಯೆನ್
ಮಾರ್ಚ್ 9, 1986

ಯಮ್ನಾ ಅಕ್ಕಾ,

ಇಜ್ಜಾ ಇನ್ನು ನಿನ್ನ ಮಗಳು. ತೂದಾ ಒಪ್ಪಿದ್ದಾಳೆ, ಬಾಯಿಬಿಟ್ಟು ಹೇಳಲು ಅವಳಿಗೆ ನಾಚಿಕೆ, ಅದಕ್ಕೆ ನೀನಾಗಿ ಕೇಳಬೇಡ. ಅಗ್ಗಿಷ್ಟಿಕೆ ಇಟ್ಟು ನಿದ್ದೆ ಹೋದವಳ ಹತ್ತಿರ ಮಗುವನ್ನು ಬಿಡಲು ನನಗೂ ಧೈರ್ಯವಿಲ್ಲ. ಮನೆಯ ಕೆಲಸ ಮಾಡಿಸು ಎಂದು ಅವಳು ಪೀಡಿಸುತ್ತಿದ್ದಾಳೆ. ಬೆನಾಸರ್‌ಗೆ ಹೇಳುತ್ತೇನೆ, ಅವಸರವಿಲ್ಲ, ಹೇಗೋ ಒಂದು ಮಾಡಿದರೆ ಸಾಕು ಅಂತ. ಒಂದು ಚಳಿಗಾಲ ಕಳೆದರೆ ಮಗುವೂ ಮರೆಯುತ್ತದೆ, ಅವಳೂ ಮರೆಯುತ್ತಾಳೆ.

ನಿನ್ನ ತಮ್ಮ ಮಿಮೂನ್


ತಿಮಹ್ದಿತ್
ಅಕ್ಟೋಬರ್ 19, 1986

ಯಮ್ನಾ,

ನಾನು ಕೊಟ್ಟಿಲ್ಲ. ಬಾಯಿಂದಲೂ ಕೊಟ್ಟಿಲ್ಲ, ಮನಸ್ಸಿನಿಂದಲೂ ಕೊಟ್ಟಿಲ್ಲ. ಕನಸಿನಲ್ಲಿಯೂ ಕೊಟ್ಟಿಲ್ಲ.

ಅವನ ಪತ್ರವನ್ನು ಹಾದಾ ಅತ್ತೆಗೆ ಓದಿ ಹೇಳಿದೆ. ಅವಳು ಕಾಗದವನ್ನು ಬೆರಳ ತುದಿಯಲ್ಲಿ ಹಿಡಿದು, ಇದು ಆ ಸೂರಿನೊಳಗಿಂದ ಬಿದ್ದದ್ದೇ ಎಂಬಂತೆ ನೋಡಿದಳು. ನನಗೂ ಹಾಗೇ ಆಯಿತು. ಹುಳ ಬಿದ್ದ ದಿನ ಬಂದ ವಾಕರಿಕೆ ಏನೂ ಅಲ್ಲ. ಆ ತೊಗಲುಗಳು ಪಾಪ, ತಾವಾಗಿ ಕೊಳೆತವು.

ಒಂಬತ್ತು ತಿಂಗಳಿಂದ ನಾನು ಬಾಯಿ ಬಿಡದ ಒಂದು ಮಾತು ಈಗ ಹೇಳುತ್ತೇನೆ. ಆ ಜನವರಿಯ ಸಂಜೆ ನಮಗಿಬ್ಬರಿಗೂ ಚಳಿ ತಡೆಯಲಾಗಲಿಲ್ಲ. ಅಂಗಳದಲ್ಲಿ ಹೊತ್ತಿಸಿದ ಅಗ್ಗಿಷ್ಟಿಕೆಯನ್ನು ಒಳಗೆ ತಂದದ್ದು ಅವನು. ಅದು ದೊಡ್ಡದಲ್ಲ, ನಾವೆಲ್ಲ ತರುತ್ತೇವೆ. ಆದರೆ ಕಿಟಕಿಯ ಮೇಲಿನ ಗಾಳಿತೂತು ತೆರೆದಿದ್ದರೆ ಮಾತ್ರ. ಅವನು ಸ್ಟೂಲು ಹತ್ತಿ ತನ್ನ ಕೆಂಪು ಸ್ವೆಟರನ್ನು ಸುತ್ತಿ ಆ ತೂತಿಗೆ ತುರುಕಿದ. 'ಬೇಡ, ಅದು ಉಸಿರು' ಎಂದೆ. 'ನಿನಗೇನ್ ಗೊತ್ತು ಸುಮ್ನಿರೆ, ನಾನು ಇದೇ ಕೆಲಸದವ್ನು. ಮೊದ್ಲು ತೂತು ಮುಚ್ಬೇಕು, ಆಮೇಲೆ ಬಿಸಿ ನಿಲ್ತದೆ' ಎಂದ. ಅವನು ಚಾ ಕುಡಿಯಲು ಬೆನಾಸರ್ ಮನೆಗೆ ಹೋದ. ನಾನೂ ಮಗುವೂ ಒಳಗಿದ್ದೆವು. ತಲೆ ತಿರುಗಿ ಬಿದ್ದು, ತೆವಳಿ ಬಾಗಿಲು ತಳ್ಳಿ, ಅವಳನ್ನು ಹಿಮದ ಮೇಲೆ ಎಳೆದವಳು ನಾನು. ಆಸ್ಪತ್ರೆಯಲ್ಲಿ ನೀನು 'ಯಾಕೆ ಹೀಗಾಯ್ತು' ಎಂದು ಕೇಳಿದಾಗ ಅವನು ನನ್ನ ಕಡೆ ನೋಡಿದ, ಎಲ್ಲರೂ ನನ್ನ ಕಡೆ ನೋಡಿದರು. ಗಂಡನ ಮರ್ಯಾದೆ ಎಂದು ಬಾಯಿಗೆ ಬೀಗ ಹಾಕಿಕೊಂಡೆ. ಆ ಮರ್ಯಾದೆಗೂ ಹುಳ ಹಿಡಿದಿದೆ ಎಂದು ಈಗ ಗೊತ್ತಾಯಿತು.

ನಿನ್ನ ಮೇಲೆ ನನಗೆ ಕೋಪವಿಲ್ಲ. ನೀನು ರೊಟ್ಟಿ ಮುಟ್ಟಿ ಆಡಿದ ಮಾತು ನೆನಪಿದೆಯಲ್ಲ, ಅದಷ್ಟೇ ನನಗೆ ಬೇಕು. ಕೋಣೆ ಬೆಚ್ಚಗಾಗುತ್ತದೆ. ನಾಳೆ ಸೂರು ಪೂರ್ತಿ ಬಿಚ್ಚುತ್ತೇವೆ. ಡಿಸೆಂಬರಿನ ಮೊದಲ ಗುರುವಾರ ಬಾ, ಹಿಮ ಬಿದ್ದಿರಲಿ. ಕೋಟು ಕಳಚಿ ಒಂದು ರಾತ್ರಿ ಮಲಗಿ ನೋಡು. ಚಳಿಯಾದರೆ ಮಗುವನ್ನು ವಾಪಸು ಕರೆದುಕೊಂಡು ಹೋಗು, ನಾನು ಒಂದು ಮಾತೂ ಆಡುವುದಿಲ್ಲ.

ತೂದಾ


ತಿಮಹ್ದಿತ್
ಡಿಸೆಂಬರ್ 8, 1986

ಮಿಮೂನ್,

ನಿನ್ನ ಮಾರ್ಚಿ ತಿಂಗಳ ಪತ್ರ ನನ್ನ ಹತ್ತಿರ ಇದೆ. ಅಷ್ಟು ಹೇಳಿದರೆ ನಿನಗೆ ಸಾಕು. ಉಳಿದದ್ದು ಮನೆಯ ಸುದ್ದಿ.

ತೊಗಲುಗಳನ್ನು ನಾನು, ಹಾದಾ ಅತ್ತೆ, ಕೇರಿಯ ಒಂಬತ್ತು ಹೆಂಗಸರು ಇಳಿಸಿದೆವು. ಮೂಗಿಗೆ ಪುದೀನ ತುರುಕಿಕೊಂಡು. ಅರ್ಧಕ್ಕರ್ಧ ಉಣ್ಣೆಯೂ ಕೊಳೆತಿತ್ತು, ಅದನ್ನು ತೊಗಲಿನ ಜೊತೆ ಊರಾಚೆ ಸುಟ್ಟೆವು. ಮೂರು ದಿನ ಆ ಕಡೆಯ ಗಾಳಿ ಬೆನಾಸರ್‌ನ ಮನೆಗೆ ಬೀಸಿತು, ದೇವರು ಇದ್ದಾನೆ. ಗಟ್ಟಿಯಿದ್ದ ಉಣ್ಣೆಯನ್ನು ಕಿತ್ತು ಹೊಳೆಗೆ ಒಯ್ದೆವು. ಮಂಡಿ ಮಟ್ಟದ ನೀರು, ಕಾಲು ಮರಗಟ್ಟುವ ಚಳಿ. ನೊರೆಬೇರು ಜಜ್ಜಿ ಹಾಕಿ ತುಳಿದೆವು, ಕೋಲಿನಿಂದ ಬಡಿದೆವು. ಮೊದಲ ನೀರು ಕಪ್ಪು, ಎರಡನೆಯದು ಹಳದಿ, ಐದನೆಯದು ಹಾಲಿನ ಬಣ್ಣ, ಏಳನೆಯದು ಬರೀ ನೀರು. ಹೆಂಗಸರು ನಿನ್ನ ಮೇಲೂ ನಿನ್ನ ತಮ್ಮನ ಮೇಲೂ ಹಾಡು ಕಟ್ಟಿ ಹಾಡಿದರು. ಅದನ್ನು ಕಾಗದದ ಮೇಲೆ ಇಳಿಸಬಾರದು, ನೀನೇ ಹೇಳಿದ್ದೀಯ. ಕುಸ್ಕುಸ್ ನಾನು ಬೇಯಿಸಿದೆ. ಬೆನಾಸರ್‌ನ ಒಂದು ಕುರಿ ಅದರೊಳಗೆ ಹೋಯಿತು. ಅವನು ಅಂಗಳದಲ್ಲಿ ನಿಂತು ನೋಡಿದ, ತಡೆಯಲಿಲ್ಲ. ಹನ್ನೊಂದು ಜನರ ಕೈಯಲ್ಲಿ ಕೋಲಿತ್ತು.

ಹಲಗೆಗಳನ್ನು ಕುದಿಯುವ ಸುಣ್ಣದ ನೀರಿನಲ್ಲಿ ತಿಕ್ಕಿ ಮತ್ತೆ ಬಡಿದೆವು. ತಗಡಿಗೂ ಉಣ್ಣೆಗೂ ನಡುವೆ ಅಂಗೈ ಅಗಲದ ಜಾಗ ಬಿಟ್ಟೆವು, ಎರಡು ತುದಿಗೂ ಬಲೆ ಹಾಕಿದ ಗಾಳಿತೂತು. 'ಉಣ್ಣೆಯೂ ಉಸ್ರಾಡ್ಬೇಕು ಕಣೇ, ಮನ್ಷ್ಯರೂ ಉಸ್ರಾಡ್ಬೇಕು' ಎಂದಳು ಹಾದಾ ಅತ್ತೆ. ನುಸಿ ಬಾರದಂತೆ ದೇವದಾರಿನ ಹೊಟ್ಟು ಉದುರಿಸಿದೆವು.

ಆದರೂ ಉಣ್ಣೆ ಸಾಲಲಿಲ್ಲ. ಮಗು ಮಲಗುವ ಮೂಲೆ ಖಾಲಿ ಉಳಿಯಿತು. ಯಾರ ಮನೆಯಲ್ಲಿ ಕೇಳಲಿ, ಎಲ್ಲರೂ ಮಾರಿಯಾಗಿತ್ತು. ಆಗ ಒಳಗೆ ಹೋಗಿ ನಮ್ಮ ಮದುವೆಯ ಹಾಸಿಗೆಯನ್ನು ಅಂಗಳಕ್ಕೆ ಎಳೆದು ತಂದೆ. ಅದರ ಉಣ್ಣೆಯನ್ನು ಹದಿನಾರನೆಯ ವಯಸ್ಸಿನಲ್ಲಿ ನಾನೇ ತೊಳೆದು, ಬಿಡಿಸಿ, ಹಿಂಜಿ ತುಂಬಿದ್ದೆ. ಹೊಲಿಗೆ ಬಿಚ್ಚಿದೆ. ಹದಿನಾಲ್ಕು ವರ್ಷವಾದರೂ ಬೆಳ್ಳಗೇ ಇತ್ತು. ನೀನು ಮಲಗುತ್ತಿದ್ದ ಕಡೆ ಗಂಟುಕಟ್ಟಿತ್ತು, ಅದನ್ನು ಮತ್ತೆ ಹಿಂಜಿದೆ. ಒಂದು ಎಳೆಯೂ ಬಿಡದೆ ಸೂರಿಗೆ ಹೋಯಿತು. ಮೂಲೆ ತುಂಬಿತು. ಹಾದಾ ಅತ್ತೆ ನನ್ನ ಮುಖ ನೋಡಿದಳು. ನಾನು ಅಳುತ್ತೇನೆ ಎಂದುಕೊಂಡಿದ್ದಳು. ನನಗೆ ಅಳು ಬರಲಿಲ್ಲ, ಮೈ ಹಗುರಾಯಿತು.

ಗುರುವಾರ ಯಮ್ನಾ ಬಂದಳು, ಮೊಣಕಾಲು ಮುಳುಗುವ ಹಿಮದಲ್ಲಿ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು. ಕೊಳವೆಯ ಒಲೆಗೆ ನಾಲ್ಕು ಓಕ್ ತುಂಡು ಹಾಕಿದ್ದೆ. ಸುಣ್ಣದ ಮೇಲೆ ಒಂದು ಹನಿಯೂ ಇರಲಿಲ್ಲ. ಯಮ್ನಾ ಬಾಗಿಲಲ್ಲೇ ನಿಂತು ಮೂಗಿನಿಂದ ಉದ್ದಕ್ಕೆ ಉಸಿರೆಳೆದಳು, ಎರಡು ಸಲ. ಕೋಟು ಕಳಚಿದಳು. ಆಮೇಲೆ ಸ್ವೆಟರು. ಆಮೇಲೆ ಗೋಡೆಗೆ ಒರಗಿ, ಮುಖ ಮುಚ್ಚಿಕೊಂಡು ಅತ್ತಳು. ಕೋಣೆ ತಣ್ಣಗೇ ಇರಲಿ ಎಂದು ಅವಳು ದಾರಿಯುದ್ದಕ್ಕೂ ಬೇಡಿಕೊಂಡಿದ್ದಳಂತೆ, ನನಗೇ ಹೇಳಿದಳು. ಬೆಳಿಗ್ಗೆ ಮಗುವನ್ನು ಎತ್ತಿ ನನ್ನ ಮಡಿಲಿಗೆ ಹಾಕಿ, 'ಮಾತು ಮಾತೇ' ಎಂದು ಬಸ್ಸಿಗೆ ಹೊರಟಳು. ಶಾಲೆಯ ರಜೆಗೆ ಇಜ್ಜಾಳನ್ನು ನಾನೇ ಅವಳ ಹತ್ತಿರ ಕಳಿಸುತ್ತೇನೆ. ಇಲ್ಲಿಯ ಶಾಲೆಗೆ ಹೆಸರು ಬರೆಸಿಯಾಗಿದೆ, ಅವಳ ಸ್ವಂತ ಹೆಸರು.

ಇಜ್ಜಾ ಈಗ ಬರಿಗಾಲಿನಲ್ಲಿ ಕೋಣೆಯೆಲ್ಲ ಓಡುತ್ತಿದ್ದಾಳೆ. ನಿನ್ನೆ ನನ್ನ ಕುತ್ತಿಗೆಗೆ ಮೂಗು ಒತ್ತಿ ಮೂಸಿ ನೋಡಿದಳು. 'ಅಮ್ಮಾ, ಇವತ್ತು ನೀನು ನಾರ್ತಿಲ್ಲ' ಎಂದಳು.

ಬೇಸಿಗೆಯಲ್ಲಿ ಬಂದು ನೋಡುತ್ತೇನೆ ಎಂದಿದ್ದೀಯ. ಬಾ. ಮಗಳನ್ನು ಅಂಗಳದಲ್ಲಿ ನೋಡಬಹುದು, ಬೆನಾಸರ್‌ನ ಮನೆಯಲ್ಲಿ ಮಲಗಬಹುದು. ಈ ಕೋಣೆಯಲ್ಲಿ ನಿನಗೆ ಹಾಸಿಗೆ ಇಲ್ಲ.

ಪತ್ರದ ಜೊತೆ ಒಂದು ಪೊಟ್ಟಣ ಕಳಿಸಿದ್ದೇನೆ. ನಿನ್ನ ಕೆಂಪು ಸ್ವೆಟರು. ನಾನು ಅದನ್ನು ತೊಳೆದಿಲ್ಲ.

ತೂದಾ